ಬೆವರದ ಜೊತೆಗಾರ

ಈಗ ಯಾವ ರಂಗಪ್ರವೇಶಕ್ಕೆ ಹೋಗಿ, ವೇದಿಕೆಯ ಹಿಂದೆ ಒಂದು ಎಲ್‌ಇಡಿ ಗೋಡೆ ನಿಂತಿರುತ್ತದೆ. ಹಿಂದೆಲ್ಲ ಅಲ್ಲಿ ಒಂದು ಕರಿ ಪರದೆ, ಮೂಲೆಯಲ್ಲಿ ನಟರಾಜ, ಅವನ ಮುಂದೆ ಎರಡು ದೀಪ, ಬದಿಯಲ್ಲಿ ಹಿಮ್ಮೇಳ, ಇಷ್ಟಕ್ಕೇ ಏರ್ಪಾಡು ಮುಗಿಯುತ್ತಿತ್ತು. ಈಗ ಹುಡುಗಿ ಪುಷ್ಪಾಂಜಲಿಗೆ ಕಾಲಿಡುವಷ್ಟರಲ್ಲಿ ಬೆನ್ನ ಹಿಂದೆ ಕೈಲಾಸ ಏಳುತ್ತದೆ, ಮೋಡ ಓಡುತ್ತದೆ, ಗಂಗೆ ಧುಮುಕುತ್ತಾಳೆ. ಕಾಳಿಂಗಮರ್ದನ ಬಂತೆಂದರೆ ಕೇಳಲೇಬೇಡಿ. ಐದು ಹೆಡೆಯ ಹಾವು ವೇದಿಕೆಯ ಅಗಲಕ್ಕೂ ಹರಡಿಕೊಂಡು ಬುಸುಗುಡುತ್ತದೆ. ಅದರ ಹಲ್ಲಿನ ಬುಡದಲ್ಲಿ, ಐದು ಅಡಿಯ ಹುಡುಗಿ ಅರೆಮಂಡಿ ಕೂತು ತೀರ್ಮಾನ ಮುಗಿಸುತ್ತಿರುತ್ತಾಳೆ.

ಇಂಥದೊಂದು ಕಾರ್ಯಕ್ರಮದಿಂದ ವಾಪಸು ಬರುವಾಗ ನಮ್ಮ ಸೋದರತ್ತೆಯನ್ನು ಕೇಳಿದೆ, "ಹೇಗಿತ್ತು ಅತ್ತೆ?"

"ಹಾವು ತುಂಬಾ ಚೆನ್ನಾಗಿ ಮಾಡಿದ್ರು ಕಣೋ."

"ಹುಡುಗಿ?"

"ಅವಳೂ ಇದ್ದಳಲ್ಲ, ಪಾಪ."

ನೃತ್ಯ ವಿಮರ್ಶೆ ಎಂದು ನಾನು ಓದಿದ ಎಷ್ಟೋ ಅಂಕಣಗಳಲ್ಲಿ ಇಲ್ಲದ ನ್ಯಾಯ ಆ 'ಪಾಪ'ದಲ್ಲಿತ್ತು. ನಮ್ಮ ಕಣ್ಣಿಗೊಂದು ಕೆಟ್ಟ ಚಾಳಿ. ದೊಡ್ಡದು ಕಂಡರೆ ಅಲ್ಲಿಗೆ ಓಡುತ್ತದೆ, ಬೆಳಕು ಕಂಡರೆ ಅಲ್ಲಿಗೆ ಓಡುತ್ತದೆ. ಈ ಎರಡು ಪಂದ್ಯದಲ್ಲೂ ಮನುಷ್ಯನ ಮೈ ಸೋಲುವುದು ಖಂಡಿತ. ಮೂರನೆಯದೂ ಒಂದಿದೆ. ಆ ಹಾವು ಬೆವರುವುದಿಲ್ಲ. ವರ್ಣ ಮುಗಿಯುವ ಹೊತ್ತಿಗೆ ಹುಡುಗಿಯ ಕಾಡಿಗೆ ಕರಗಿ, ಕುತ್ತಿಗೆಯ ಅಡ್ಡಿಕೆ ಮೈಗೆ ಅಂಟಿಕೊಂಡು, ಮೂಗಿನಲ್ಲಿ ಬಿಡಬೇಕಾದ ಉಸಿರು ಬಾಯಿಗೆ ಬಂದಿರುತ್ತದೆ. ಹಾವು ಮಾತ್ರ ಮೊದಲ ನಿಮಿಷದ ಹುರುಪಿನಲ್ಲೇ ಇರುತ್ತದೆ. ದಣಿಯುವ ಮೈಯನ್ನೂ ದಣಿಯದ ಚಿತ್ರವನ್ನೂ ಒಂದೇ ವೇದಿಕೆಗೆ ಹತ್ತಿಸಿದರೆ ಏನಾಗುತ್ತದೆ? ನಮ್ಮ ಎಲ್‌ಇಡಿಯವರು ಇದನ್ನು ಮೊನ್ನೆ ಕಂಡುಹಿಡಿದವರಂತೆ ಬಿಲ್ಲು ಕೊಡುತ್ತಾರೆ. ಆದರೆ ಈ ವ್ಯವಹಾರ ಸಿನಿಮಾದಷ್ಟೇ ಹಳೆಯದು.

ಅಮೆರಿಕದ ನ್ಯೂಜೆರ್ಸಿಯಲ್ಲಿ ಎಡಿಸನ್ 1893ರಲ್ಲಿ ಚಿತ್ರ ತೆಗೆಯಲೆಂದೇ ಒಂದು ಕಪ್ಪು ಕೊಟ್ಟಿಗೆ ಕಟ್ಟಿಸಿದ. ಹೆಸರು ಬ್ಲ್ಯಾಕ್ ಮರಿಯಾ. ಮಾಡು ತೆರೆದರೆ ಒಳಗೆ ಬಿಸಿಲು. ಸೂರ್ಯ ಸರಿದ ಹಾಗೆಲ್ಲ ಇಡೀ ಕೊಟ್ಟಿಗೆಯನ್ನೇ ಹಳಿಯ ಮೇಲೆ ತಿರುಗಿಸುತ್ತಿದ್ದರು. ಅಲ್ಲಿಗೆ ಬಂದು ಕುಣಿದವರಲ್ಲಿ ಆ್ಯನಬೆಲ್ ವಿಟ್‌ಫರ್ಡ್ ಎಂಬ ಹದಿಹರೆಯದ ಹುಡುಗಿಯೂ ಒಬ್ಬಳು. ಅವಳು ಕುಣಿದದ್ದು ಸರ್ಪನೃತ್ಯ. ಹಾವು ಇಲ್ಲೂ ಬಂತು ನೋಡಿ! ಆದರೆ ಈ ಹಾವು ಬಟ್ಟೆಯದು. ನೆರಿಗೆ ನೆರಿಗೆಯಾದ ಅಗಲದ ಲಂಗವನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದರೆ ಗಾಳಿಯಲ್ಲಿ ಅಲೆ ಏಳುತ್ತದೆ, ಸುರುಳಿ ಬಿಚ್ಚುತ್ತದೆ. ಕಪ್ಪುಬಿಳುಪಿನ ಆ ಚಿತ್ರದ ಒಂದೊಂದು ಚೌಕಟ್ಟಿಗೂ ಕುಂಚ ಹಿಡಿದು ಕೈಯಲ್ಲೇ ಬಣ್ಣ ಹಚ್ಚುತ್ತಿದ್ದರು. ಜನ ಕಾಸು ಕೊಟ್ಟು, ಪೆಟ್ಟಿಗೆಯ ಕಿಂಡಿಗೆ ಕಣ್ಣಿಟ್ಟು ನೋಡಿದರು. ಎಷ್ಟು ನೋಡಿದರೆಂದರೆ, ಪ್ರತಿ ತೆಗೆದೂ ತೆಗೆದೂ ಮೂಲ ನೆಗೆಟಿವ್ ಸವೆದೇಹೋಯಿತು. ಆಗ ಏನು ಮಾಡುವುದು? ಹುಡುಗಿಯನ್ನು ಮತ್ತೆ ಕರೆಸಿದರು, ಮತ್ತೆ ಕುಣಿಸಿದರು. ದಣಿಯದ ಜೊತೆಗಾರ ಎಂದು ನಂಬಿದ್ದ ಸಿನಿಮಾ ಮೊದಲ ಸುತ್ತಿನಲ್ಲೇ ಸುಸ್ತಾಗಿ ಕೂತಿತು. ಹುಡುಗಿ ಲಂಗ ಒದರಿಕೊಂಡು ಎದ್ದು ಬಂದಳು.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಆ ನೃತ್ಯ ಆ್ಯನಬೆಲ್‌ಳದ್ದೇ ಅಲ್ಲ. ಅದನ್ನು ಹುಟ್ಟಿಸಿದವಳು ಲೋಯಿ ಫುಲ್ಲರ್. ಇಲಿನಾಯ್ ರಾಜ್ಯದವಳು, 1892ರ ಹೊತ್ತಿಗೆ ಪ್ಯಾರಿಸಿನ ಫೋಲಿ ಬರ್ಜೇರ್ ರಂಗಮಂದಿರವನ್ನು ಮರುಳು ಮಾಡಿದವಳು. ತೋಳಿಗೆ ಉದ್ದನೆಯ ಕೋಲು ಜೋಡಿಸಿಕೊಂಡು ಗಜಗಟ್ಟಲೆ ರೇಷ್ಮೆಯನ್ನು ತಲೆಯ ಮೇಲೆ ಹಾರಿಸುತ್ತಿದ್ದಳು. ಕೆಳಗೆ ಗಾಜಿನ ನೆಲ, ಅದರಡಿಯಿಂದ ಬಣ್ಣದ ವಿದ್ಯುದ್ದೀಪ. ಬಟ್ಟೆಯೇ ಪರದೆ, ಅದರ ಮೇಲೆ ಚಲಿಸುವ ಬೆಳಕು. ಸಿನಿಮಾ ಹುಟ್ಟುವ ಮೊದಲೇ ಈ ಮಹಾತಾಯಿ ಸಿನಿಮಾವನ್ನು ಮೈಮೇಲೆ ಉಟ್ಟುಕೊಂಡಿದ್ದಳು. ಕ್ಯೂರಿ ದಂಪತಿ ರೇಡಿಯಂ ಕಂಡುಹಿಡಿದ ಸುದ್ದಿ ಕೇಳಿದ್ದೇ ತಡ, 'ನನ್ನ ಉಡುಪು ಕತ್ತಲಲ್ಲಿ ಹೊಳೆಯಬೇಕು, ಆ ರೇಡಿಯಂ ಸಿಗುತ್ತದೆಯೇ' ಎಂದು ಅವರಿಗೇ ಕಾಗದ ಬರೆದಳು. ಸಿಗಲಿಲ್ಲ, ಪುಣ್ಯ. ಬದಲಿಗೆ ಗೆಳೆತನ ಸಿಕ್ಕಿತು. ಕ್ಯೂರಿಗಳ ಮನೆಗೇ ಹೋಗಿ ಅವರಿಗಾಗಿ ಕುಣಿದು ಬಂದಳು.

ಎಲ್ಲರೂ ತನ್ನನ್ನು ನಕಲು ಮಾಡುತ್ತಿದ್ದಾರೆ ಎಂದು ಫುಲ್ಲರ್ 1892ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋದಳು. ನ್ಯಾಯಾಧೀಶರು ಅರ್ಜಿ ತಳ್ಳಿಹಾಕಿದರು. ಇದರಲ್ಲಿ ಕಥೆಯಿಲ್ಲ, ಪಾತ್ರವಿಲ್ಲ, ಒಬ್ಬ ಹೆಂಗಸು ಚೆಂದವಾಗಿ ಮೈ ಆಡಿಸುತ್ತಾಳೆ ಅಷ್ಟೆ, ಆದ್ದರಿಂದ ಇದು ನಾಟಕಕೃತಿಯಲ್ಲ, ಹಕ್ಕುಸ್ವಾಮ್ಯವೂ ಇಲ್ಲ ಎಂಬುದು ತೀರ್ಪಿನ ಸಾರ. ಆ ನ್ಯಾಯಾಧೀಶರನ್ನು ನಮ್ಮ ಸಭೆಗಳಿಗೆ ಕರೆತಂದಿದ್ದರೆ ಅಲರಿಪು, ಜತಿಸ್ವರ, ತಿಲ್ಲಾನ ಎಲ್ಲ ಬೀದಿಪಾಲಾಗುತ್ತಿದ್ದವು. ಪದ, ಜಾವಳಿಗಳು ಮಾತ್ರ ಬಚಾವು. ಒಟ್ಟಿನಲ್ಲಿ ಎಡಿಸನ್‌ನ ಡಬ್ಬಿಯಲ್ಲಿ ಉಳಿದದ್ದು ಫುಲ್ಲರಳ ಕುಣಿತವಲ್ಲ, ಅವಳನ್ನು ಅನುಕರಿಸಿದವಳ ಕುಣಿತ. ನೃತ್ಯವನ್ನು ಕಾಪಿಡುವ ಸಾಧನ ಎಂದು ಹೆಸರಾಗಲಿದ್ದ ಯಂತ್ರ ಶುರುವಿನಲ್ಲೇ ಮೂಲವನ್ನು ಬಿಟ್ಟು ನಕಲನ್ನು ಕಾಪಿಟ್ಟಿತು.

ಕಾಪಿಡುವ ಮಾತು ಬಂದದ್ದಕ್ಕೆ ವಿಡಿಯೋದವರ ವಿಷಯ ಹೇಳಿಬಿಡುತ್ತೇನೆ. ಸಭಾಂಗಣದ ನಡುಹಾದಿಯಲ್ಲಿ ಮುಕ್ಕಾಲಿ ನಿಲ್ಲಿಸಿ, ಹಿಂದೆ ಕೂತವರ ಶಾಪವನ್ನೆಲ್ಲ ಬೆನ್ನಲ್ಲೇ ತಾಳಿಕೊಳ್ಳುವ ಪುಣ್ಯಾತ್ಮರು ಅವರು. ಅವರಿಗೆ ಮದುವೆ ತೆಗೆದು ಅಭ್ಯಾಸ. ಮದುವೆಯಲ್ಲಿ ಮುಖವೇ ಮುಖ್ಯ. ಹಾಗಾಗಿ ನರ್ತಕಿಯ ಕಾಲು ಮೂರನೇ ಕಾಲದಲ್ಲಿ ಚಿಟಪಟ ಅನ್ನುತ್ತಿರುವಾಗ ಅವರ ಕ್ಯಾಮೆರಾ ಮೂಗುತಿಗೆ ಝೂಮ್ ಆಗಿರುತ್ತದೆ. ಆಮೇಲೆ ಅಭಿನಯ ಬಂದು, ಎಲ್ಲವೂ ಹುಬ್ಬಿನ ತುದಿಯಲ್ಲಿ ನಡೆಯುವಾಗ, 'ಅಯ್ಯೋ ಕಾಲು ಬಿಟ್ಟೆನಲ್ಲ' ಎಂದು ಹಿಂದೆ ಸರಿದು ಇಡೀ ವೇದಿಕೆಯನ್ನು ತೋರಿಸುತ್ತಾರೆ. ನಗುವುದು ಸುಲಭ. ಆದರೆ ಅವರ ಕಷ್ಟ ನಿಜವಾದದ್ದು. ಚೌಕಟ್ಟು ಎಂದಮೇಲೆ ಏನನ್ನಾದರೂ ಬಿಡಲೇಬೇಕು. ಮುಖ ಹಿಡಿದರೆ ಪಾದ ಹೋಯಿತು, ಪಾದ ಹಿಡಿದರೆ ಕಣ್ಣು ಹೋಯಿತು. ಹಾಲಿವುಡ್ಡಿನ ಫ್ರೆಡ್ ಅಸ್ಟೇರ್ ಈ ತಕರಾರನ್ನು ತನ್ನ ಮಟ್ಟಿಗೆ ಬಗೆಹರಿಸಿಕೊಂಡಿದ್ದ. ತಾನು ಕುಣಿಯುವಾಗ ನೆತ್ತಿಯಿಂದ ಅಂಗಾಲಿನವರೆಗೆ ಕಾಣಬೇಕು, ಕತ್ತರಿ ಆದಷ್ಟು ದೂರವಿರಬೇಕು ಎಂದು ಹಟ ಹಿಡಿಯುತ್ತಿದ್ದ. ಕುಣಿತದ ಮಟ್ಟಿಗೆ ಸರಿ. ಅಭಿನಯಕ್ಕೆ ಈ ಸೂತ್ರ ಒಗ್ಗುವುದಿಲ್ಲ.

ಅಭಿನಯ ಅಂದಾಗ ಸತ್ಯಜಿತ್ ರಾಯ್ ನೆನಪಾಗುತ್ತಾರೆ. ಹದಿನಾಲ್ಕರ ಹುಡುಗನಾಗಿದ್ದಾಗ, 1935ರಲ್ಲಿ, ಅವರು ಕಲ್ಕತ್ತೆಯಲ್ಲಿ ಬಾಲಸರಸ್ವತಿಯ ನೃತ್ಯ ನೋಡಿದ್ದರು. ಬಾಲಾ ಅವರ ಮೇಲೆ ಚಿತ್ರ ಮಾಡಲು ಕೂಡಿಬಂದದ್ದು 1976ರಲ್ಲಿ. ಅಷ್ಟು ಹೊತ್ತಿಗೆ ಬಾಲಾ ಅವರಿಗೆ ಅರವತ್ತು ಹತ್ತಿರವಾಗಿತ್ತು. ಅರ್ಧ ಗಂಟೆಗಿಂತ ಸ್ವಲ್ಪ ದೊಡ್ಡ ಆ ಸಾಕ್ಷ್ಯಚಿತ್ರದಲ್ಲಿ ಅವರು ಸಮುದ್ರದ ದಂಡೆಯ ಮೇಲೆ ನಿಂತು ಅಭಿನಯಿಸುವುದು ನಮ್ಮ ವ್ಯಾಸರಾಯರ 'ಕೃಷ್ಣಾ ನೀ ಬೇಗನೆ ಬಾರೋ'. ತಮಿಳುನಾಡಿನ ಕಲಾವಿದೆ, ಬಂಗಾಳದ ನಿರ್ದೇಶಕ, ಕನ್ನಡದ ಪದ. ಅಲ್ಲಿ ಗಾಳಿ ಬಹಳ. ಸೆರಗು ಹಾರುತ್ತದೆ, ನೆರಿಗೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಮುಖದ ಮೇಲೆ ಕೂದಲು. ಅದು ಹಾಳುಮಾಡಿಬಿಟ್ಟಿತು ಎಂದು ಗೊಣಗುವ ಪಂಡಿತರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಕೃಷ್ಣನಿಲ್ಲ, ಬೆಣ್ಣೆಯಿಲ್ಲ, ತೊಟ್ಟಿಲಿಲ್ಲ. ಒಬ್ಬ ಹಿರಿಯ ಹೆಂಗಸು, ಹಿಂದೆ ಅಲೆ. ಅವರು ಕಣ್ಣು ಕೆಳಗಿಳಿಸಿದ ಎತ್ತರದಲ್ಲೇ ನಮಗೆ ಮಗು ಕಾಣುತ್ತದೆ, ಎಷ್ಟು ಪುಟ್ಟ ಮಗು ಎಂಬುದೂ ಗೊತ್ತಾಗುತ್ತದೆ. ಎಲ್‌ಇಡಿಯವರು ಮಗುವನ್ನೇ ತಂದು ನಿಲ್ಲಿಸುತ್ತಿದ್ದರು. ಆಗ ಕಣ್ಣು ಇಳಿಸುವ ಕೆಲಸವೇ ಇರುತ್ತಿರಲಿಲ್ಲ. ಇನ್ನು ಗಾಳಿಯ ಮಾತು. ಅದು ಆ ದಿನ ಆ ಮೈಗೆ ಎದುರಾದ ಗಾಳಿ. ಸಭಾಂಗಣದಲ್ಲಿ ಬೆವರು ಹೇಳುವ ಮಾತನ್ನು ಇಲ್ಲಿ ಸೆರಗು ಹೇಳುತ್ತದೆ: ಇವರು ನಿಜವಾಗಿ ಇಲ್ಲಿದ್ದಾರೆ.

ಇದೆಲ್ಲ ನೃತ್ಯವನ್ನು ಸಿನಿಮಾ ನೋಡಿದ ಬಗೆ. ನೃತ್ಯಕ್ಕೆ ಸಿನಿಮಾ ಕೈನೀಡಿ ಜೊತೆಗೆ ಕುಣಿದದ್ದೂ ಇದೆ. ಆ ಕಥೆ ಮಾಯಾ ಡೆರೆನ್‌ಳದು. 1917ರಲ್ಲಿ ಕೀವ್ ನಗರದಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಅಮೆರಿಕ ಸೇರಿದವಳು. ಕ್ಯಾಥರೀನ್ ಡನಮ್ ಎಂಬ ದೊಡ್ಡ ನರ್ತಕಿಯ ಹತ್ತಿರ ಕಾರ್ಯದರ್ಶಿಯಾಗಿ ಊರೂರು ಸುತ್ತಿದವಳು. ಒಂದು 16 ಎಂಎಂ ಕ್ಯಾಮೆರಾ ಕೊಂಡು, ಡನಮ್ ತಂಡದಲ್ಲಿದ್ದ ಟ್ಯಾಲಿ ಬೀಟಿ ಎಂಬ ನರ್ತಕನನ್ನು ಕರೆದುಕೊಂಡು, 1945ರಲ್ಲಿ ಒಂದು ಚಿತ್ರ ಮಾಡಿದಳು. ಉದ್ದ ಕೆಲವೇ ನಿಮಿಷ, ಮಾತಿಲ್ಲ, ಹಾಡಿಲ್ಲ. ಹೆಸರು 'ಎ ಸ್ಟಡಿ ಇನ್ ಕೊರಿಯೋಗ್ರಫಿ ಫಾರ್ ಕ್ಯಾಮೆರಾ'.

ನಿಧಾನವಾಗಿ ನೋಡಬೇಕಾದ ಚಿತ್ರ. ಬಿಳಿ ತೊಗಟೆಯ ಮರಗಳ ಕಾಡು. ಕ್ಯಾಮೆರಾ ನಿಂತಲ್ಲೇ ಮೆಲ್ಲಗೆ ತಿರುಗುತ್ತದೆ. ಮರಗಳ ನಡುವೆ ಬೀಟಿ ಮೈ ಬಿಚ್ಚುತ್ತಿದ್ದಾನೆ. ಕ್ಯಾಮೆರಾ ಅವನನ್ನು ದಾಟಿ ಮುಂದೆ ಹೋಯಿತು. ಅಲ್ಲೂ ಅವನೇ ಇದ್ದಾನೆ, ಅದೇ ಚಲನೆಯ ಮುಂದಿನ ಹಂತದಲ್ಲಿ. ಇನ್ನೂ ಮುಂದೆ ಹೋದರೆ ಅಲ್ಲೂ ಅವನೇ. ಆಮೇಲೆ ಕಾಡಿನಲ್ಲಿ ಕಾಲೆತ್ತುತ್ತಾನೆ. ಆ ಕಾಲು ಕೆಳಗಿಳಿಯುವುದು ಒಂದು ಮನೆಯ ಕೋಣೆಯಲ್ಲಿ. ಕೋಣೆಯಿಂದ ಒಂದು ಮ್ಯೂಸಿಯಮ್ಮಿನ ಹಜಾರಕ್ಕೆ ಬಂದು ಗಿರಗಿರ ತಿರುಗುತ್ತಾನೆ. ಕ್ಯಾಮೆರಾದ ವೇಗ ಬದಲಾಯಿಸಿದ್ದರಿಂದ ಆ ತಿರುಗು ನಿಧಾನಕ್ಕೆ ಶುರುವಾಗಿ, ಬುಗುರಿಯೂ ನಾಚುವಷ್ಟು ವೇಗಕ್ಕೆ ಏರುತ್ತದೆ. ಕೊನೆಯಲ್ಲಿ ಜಿಗಿಯುತ್ತಾನೆ. ಬೇರೆ ಬೇರೆ ತುಣುಕುಗಳನ್ನು ಅಂಟಿಸಿ ಮಾಡಿದ ಜಿಗಿತ ಅದು: ಏರುವುದೊಂದು, ತೇಲುವುದು ಇನ್ನೊಂದು, ಇಳಿಯುವುದು ಮತ್ತೊಂದು. ಯಾವ ನರ್ತಕನೂ ಗಾಳಿಯಲ್ಲಿ ಅಷ್ಟು ಹೊತ್ತು ಇರಲಾರ. ಇಳಿಯುವುದು ನದಿಯ ಕಣಿವೆ ಕಾಣುವ ಒಂದು ಎತ್ತರದ ಬಯಲಿನಲ್ಲಿ.

ಈ ಜಿಗಿತ ಯಾರದು ಅಂತೀರಿ? ಬೀಟಿಯ ತೊಡೆಯ ಕಸುವಿಲ್ಲದೆ ಆಗುತ್ತಿರಲಿಲ್ಲ, ಡೆರೆನ್‌ಳ ಕತ್ತರಿಯಿಲ್ಲದೆಯೂ ಆಗುತ್ತಿರಲಿಲ್ಲ. ಚಿತ್ರದ ಶೀರ್ಷಿಕೆಯಲ್ಲಿ ಇಬ್ಬರ ಹೆಸರನ್ನೂ ಕರ್ತೃಗಳೆಂದೇ ಹಾಕಿದರು. ನನಗೆ ಬಹಳ ಹಿಡಿಸಿದ ಶಿಷ್ಟಾಚಾರ ಇದು. ನಮ್ಮ ಸಿನಿಮಾದ ಹಾಡಿನಲ್ಲಿ ನಾಯಕಿಯ ಹಿಂದೆ ನಲವತ್ತು ಜನ ಮೈಮುರಿದು ಕುಣಿಯುತ್ತಾರಲ್ಲ, ಅವರ ಹೆಸರನ್ನು ಯಾರಾದರೂ ಓದಿದ್ದು ಉಂಟೇ?

ಇರಲಿ. ಡೆರೆನ್‌ಳ ಜಿಗಿತ ವೇದಿಕೆಯ ಮೇಲೆ ಸಾಧ್ಯವಿಲ್ಲ. ಹಾಗಾದರೆ ವೇದಿಕೆಯ ಮೇಲೆ ಮೈ, ಚಿತ್ರ ಈ ಇಬ್ಬರೂ ಹೇಗೆ ಸಂಸಾರ ಮಾಡಬೇಕು? ಮೊದಮೊದಲಿಗೆ ತಮಾಷೆಯಾಗಿಯೇ ಮಾಡಿದರು. 1914ರಲ್ಲಿ ವಿನ್ಸರ್ ಮೆಕ್‌ಕೇ ಎಂಬ ವ್ಯಂಗ್ಯಚಿತ್ರಕಾರ ಗರ್ಟಿ ಎಂಬ ಡೈನೋಸಾರ್ ಬರೆದು, ಪರದೆಯ ಪಕ್ಕದಲ್ಲಿ ಚಾಟಿ ಹಿಡಿದು ನಿಂತು, ಅದಕ್ಕೆ 'ನಮಸ್ಕಾರ ಮಾಡು', 'ಕುಣಿ' ಎಂದು ಅಪ್ಪಣೆ ಕೊಡುತ್ತಿದ್ದ. ಅದು ಕುಣಿಯುತ್ತಿತ್ತು. ಕೊನೆಗೆ ಪರದೆಯ ಹಿಂದೆ ಸರಿದು, ಅದೇ ಕ್ಷಣಕ್ಕೆ ಚಿತ್ರದೊಳಗೆ ಕಾಣಿಸಿಕೊಂಡು, ಅದರ ಬೆನ್ನೇರಿ ಹೊರಟುಹೋಗುತ್ತಿದ್ದ.

ಪ್ಯಾರಿಸಿನಲ್ಲಿ 1924ರ ಡಿಸೆಂಬರಿನಲ್ಲಿ ಇನ್ನೂ ಚೇಷ್ಟೆಯ ಕೆಲಸ ನಡೆಯಿತು. ಚಿತ್ರಕಾರ ಪಿಕಾಬಿಯಾ ಮತ್ತು ಸಂಗೀತಗಾರ ಸಾಟೀ ಸೇರಿ ಒಂದು ಬ್ಯಾಲೆ ಕಟ್ಟಿದರು. ಅದರ ಮಧ್ಯಂತರದಲ್ಲಿ ತೋರಿಸಲೆಂದೇ ರೆನೆ ಕ್ಲೇರ್ ಎಂಬ ಎಳೆಯ ನಿರ್ದೇಶಕ ಒಂದು ಚಿತ್ರ ತೆಗೆದ. ಬ್ಯಾಲೆಯ ಹೆಸರು 'ರಿಲಾಶ್'. ಆಟವಿಲ್ಲದ ದಿನ ರಂಗಮಂದಿರದ ಬಾಗಿಲಿಗೆ ತೂಗುಹಾಕುವ ಸೂಚನೆಯನ್ನೇ ಹೆಸರಾಗಿ ಇಟ್ಟಿದ್ದರು. ಮೊದಲ ದಿನ ಜನ ಬಂದು ನೋಡಿದರೆ ಬಾಗಿಲು ಮುಚ್ಚಿದೆ. ಇದೂ ಇವರ ಕಿತಾಪತಿಯೇ ಇರಬೇಕು ಎಂದುಕೊಂಡರು. ಪಾಪ, ಮುಖ್ಯ ನರ್ತಕನಿಗೆ ನಿಜವಾಗಿಯೂ ಮೈ ಸರಿಯಿರಲಿಲ್ಲ. ಆಟ ನಡೆದ ದಿನ ಪರದೆಯ ಮೇಲೆ ಗಾಜಿನ ನೆಲದಡಿಯಿಂದ ತೆಗೆದ ಬ್ಯಾಲೆ ನರ್ತಕಿ ಕಂಡಳು, ಲಂಗ ಹೂವಿನ ಹಾಗೆ ಅರಳಿ ಮುಚ್ಚುತ್ತಿತ್ತು. ಕ್ಯಾಮೆರಾ ಮೇಲೆ ಹೋದರೆ ನರ್ತಕಿಗೆ ಗಡ್ಡ! ಒಂಟೆ ಎಳೆಯುವ ಶವದ ಗಾಡಿ, ಅದರ ಹಿಂದೆ ಗಂಭೀರ ಜನ ನಿಧಾನಗತಿಯಲ್ಲಿ ನೆಗೆನೆಗೆದು ನಡೆಯುವ ಮೆರವಣಿಗೆ. ಅದೂ ನೃತ್ಯವೇ, ಕ್ಯಾಮೆರಾ ಇಲ್ಲದೆ ಇದ್ದಿದ್ದರೆ ಬರೀ ಅವಸರದ ನಡಿಗೆ.

ನಮ್ಮ ದೇಶದಲ್ಲಿ ಈ ಹುಚ್ಚು ಬಲವಾಗಿ ಹಿಡಿದದ್ದು ಉದಯಶಂಕರರಿಗೆ. ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಕೂತು, ಕೈಲಿದ್ದದ್ದೆಲ್ಲ ಸುರಿದು, 1948ರಲ್ಲಿ 'ಕಲ್ಪನಾ' ಬಿಡುಗಡೆ ಮಾಡಿದರು. ಕಥೆ ಎಂಬುದು ನೆಪ. ಯಂತ್ರ, ಹಸಿವು, ಹಬ್ಬ, ಕನಸು ಎಲ್ಲವೂ ಅಲ್ಲಿ ಕುಣಿತ. ಹಣ ಬರಲಿಲ್ಲ. ಅದಕ್ಕೂ ಮೊದಲು ಅಲ್ಮೋರಾದ ತಮ್ಮ ಕೇಂದ್ರದಲ್ಲಿ ಅವರು ಪರದೆಯ ಹಿಂದೆ ನರ್ತಕರನ್ನು ನಿಲ್ಲಿಸಿ ನೆರಳಿನಲ್ಲಿ ರಾಮಾಯಣ ಆಡಿಸಿದ್ದರು. ಎಪ್ಪತ್ತು ಸಮೀಪಿಸಿದ ವಯಸ್ಸಿನಲ್ಲಿ, ಕಲ್ಕತ್ತೆಯಲ್ಲಿ, 'ಶಂಕರಸ್ಕೋಪ್' ಎಂಬ ಹೊಸ ಆಟ ತೆಗೆದರು. ಪರದೆಯ ಮೇಲೆ ಓಡುವ ಪಾತ್ರ ಪರದೆಯಿಂದ ನೇರ ವೇದಿಕೆಗೆ ಬರುತ್ತದೆ, ವೇದಿಕೆಯ ಪಾತ್ರ ಚಿತ್ರದೊಳಗೆ ಹೋಗುತ್ತದೆ. ತಾವೇ ಮೊದಲಿನ ಹಾಗೆ ಕುಣಿಯಲಾಗದ ವಯಸ್ಸಿನಲ್ಲಿ ದಣಿಯದ ಜೊತೆಗಾರನನ್ನು ಕರೆದದ್ದು ನನಗೆ ಬಹಳ ಸಹಜವಾಗಿ ಕಾಣುತ್ತದೆ.

ಆದರೆ ಈ ಜೋಡಿಯ ನಿಜವಾದ ಜಟಾಪಟಿ ನೋಡಬೇಕಾದರೆ 1960ರ ದಶಕದ ನ್ಯೂಯಾರ್ಕಿಗೇ ಹೋಗಬೇಕು. ಅಲ್ಲಿ ಜಡ್ಸನ್ ಎಂಬ ಚರ್ಚು. ಉದಾರ ಪಾದ್ರಿಗಳು. ದೇವರ ಮನೆಯಲ್ಲಿ ಯಾವ ನಮೂನೆಯ ಕುಣಿತವಾದರೂ ಸೈ ಎಂದು ಜಾಗ ಬಿಟ್ಟುಕೊಟ್ಟರು. 1962ರ ಜುಲೈಯಲ್ಲಿ ನಡೆದ ಮೊದಲ ನೃತ್ಯಸಂಜೆ ಶುರುವಾದದ್ದೇ ಒಂದು ಚಿತ್ರದಿಂದ. ಆ ಚಿತ್ರವನ್ನು ಜೋಡಿಸಿದ ಕ್ರಮವನ್ನೂ ಅದೃಷ್ಟಕ್ಕೆ ಬಿಟ್ಟಿದ್ದರು. ಅಲ್ಲಿನ ಎಲೇನ್ ಸಮರ್ಸ್ 1964ರ ಒಂದು ಪ್ರಯೋಗದಲ್ಲಿ ನೋಡಲು ಬಂದವರ ಕೈಗೆ ಪುಟ್ಟ ಕನ್ನಡಿ ಕೊಟ್ಟಳು. ಚಿತ್ರದ ಬೆಳಕನ್ನು ಅವರೇ ಹಿಡಿದು ಮಾಡಿನ ಮೇಲೆ, ಗೋಡೆಯ ಮೇಲೆ, ಪಕ್ಕದವರ ಬೋಳುತಲೆಯ ಮೇಲೆ ಆಡಿಸಬಹುದಿತ್ತು. ಅದೇ ಗುಂಪಿನ ಇವಾನ್ ರೈನರ್ 1966ರಲ್ಲಿ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯ ಮಂಚದ ಮೇಲಿದ್ದಳು. ಏಳಲಾಗದು, ಕುಣಿಯದೆ ಇರಲೂ ಆಗದು. ಗೆಳೆಯನೊಬ್ಬ 8 ಎಂಎಂ ಕ್ಯಾಮೆರಾ ತಂದ. ಬರೀ ಒಂದು ಅಂಗೈ, ಐದು ಬೆರಳು. ಬೆರಳುಗಳು ಮಡಚಿಕೊಳ್ಳುತ್ತವೆ, ಒಂದನ್ನೊಂದು ಉಜ್ಜುತ್ತವೆ, ತಿರುಗುತ್ತವೆ. 'ಹ್ಯಾಂಡ್ ಮೂವಿ' ಎಂದು ಹೆಸರಾಯಿತು. ರಂಗಮಂದಿರದ ಕೊನೆಯ ಸಾಲಿಗೆ ಎಂದಿಗೂ ಕಾಣಿಸದ ನೃತ್ಯ ಅದು. ಹಸ್ತಮುದ್ರೆಗಳ ನಾಡಿನವರಾದ ನಮಗೆ ಒಂದು ಕೈಯಲ್ಲಿ ಎಷ್ಟು ಹಿಡಿಸುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಇವರಲ್ಲೆಲ್ಲ ನನ್ನ ಮೆಚ್ಚಿನವಳು ಟ್ರಿಶಾ ಬ್ರೌನ್. 1966ರ ಅವಳ 'ಹೋಮ್‌ಮೇಡ್' ಇಷ್ಟೇ: ಸಣ್ಣಪುಟ್ಟ ನಿತ್ಯದ ಚಲನೆಗಳನ್ನು ಜೋಡಿಸಿದ ಒಂದು ಒಂಟಿ ನೃತ್ಯ. ಅದನ್ನು ಮೊದಲು ರಾಬರ್ಟ್ ವಿಟ್‌ಮನ್ ಚಿತ್ರ ತೆಗೆದ. ಆಮೇಲೆ ಅವಳು ಅದೇ ಚಿತ್ರ ಹಾಕಿದ ಪ್ರೊಜೆಕ್ಟರನ್ನು ಬೆನ್ನಿಗೆ ಕಟ್ಟಿಕೊಂಡು, ಓಡುತ್ತಿರುವ ಪ್ರೊಜೆಕ್ಟರಿನ ಸಮೇತ, ಅದೇ ನೃತ್ಯ ಮಾಡಿದಳು. ಈಗ ಯೋಚಿಸಿ. ಅವಳು ಬಗ್ಗಿದರೆ ಹಿಂದಿನ ಗೋಡೆಯ ಮೇಲಿದ್ದ ಪುಟ್ಟ ಟ್ರಿಶಾ ಮಾಡಿಗೆ ಏರುತ್ತಾಳೆ. ತಿರುಗಿದರೆ ಆ ಪುಟ್ಟವಳು ಗೋಡೆ ಹಿಡಿದು ಸರಸರನೆ ಓಡಿ, ಮೂಲೆಯಲ್ಲಿ ಮಡಿಸಿಕೊಂಡು, ಕೂತವರ ಮುಖದ ಮೇಲೆ ಹರಿದುಹೋಗುತ್ತಾಳೆ. ಪ್ರೊಜೆಕ್ಟರಿಗೆ ಭಾರವಿದೆ, ಸದ್ದಿದೆ, ಬಿಸಿಯಿದೆ. ದಣಿಯದ ಜೊತೆಗಾರನನ್ನು ದಣಿಯುವವಳು ಬೆನ್ನ ಮೇಲೆ ಹೊತ್ತಿದ್ದಾಳೆ; ಅವನು ಎತ್ತ ನೋಡಬೇಕೆಂದು ಅವಳ ಸೊಂಟ ತೀರ್ಮಾನಿಸುತ್ತದೆ. ನಮ್ಮ ಐದು ಹೆಡೆಯ ಹಾವನ್ನು ಹೀಗೆ ಹೊರಿಸಿದ್ದರೆ ಅತ್ತೆ ಆ ಹುಡುಗಿಗೆ ಪಾಪ ಅನ್ನುತ್ತಿರಲಿಲ್ಲ.

ದುಡ್ಡೂ ಎಂಜಿನಿಯರುಗಳೂ ಸಿಕ್ಕವರು ಇನ್ನೂ ಮುಂದೆ ಹೋದರು. ನರ್ತಕ ಮರ್ಸ್ ಕನಿಂಗ್‌ಹ್ಯಾಮ್ ಮತ್ತು ಸಂಗೀತಗಾರ ಜಾನ್ ಕೇಜ್ ಜೋಡಿ ಗೊತ್ತಲ್ಲ. ಕೇಜ್‌ಗೆ ಭಾರತೀಯ ಸಂಗೀತದ ಪಾಠ ಹೇಳಿದವರು 1946ರಲ್ಲಿ ನ್ಯೂಯಾರ್ಕಿಗೆ ಹೋಗಿದ್ದ ಗೀತಾ ಸಾರಾಭಾಯಿ. ಆ ನಂಟಿನಿಂದ 1964ರ ಲೋಕಸಂಚಾರದಲ್ಲಿ ಇಡೀ ತಂಡ ಅಹಮದಾಬಾದಿಗೆ ಬಂದು ಸಾರಾಭಾಯಿಗಳ ಊಟ ಉಂಡು ಹೋಗಿತ್ತು. ಮರುವರ್ಷ ಅವರು 'ವೇರಿಯೇಷನ್ಸ್ 5' ಮಾಡಿದರು. ವೇದಿಕೆಯ ತುಂಬ ಆಳೆತ್ತರದ ಆಂಟೆನಾಗಳು, ಅಂಚಿನಲ್ಲಿ ಬೆಳಕಿನ ಕಣ್ಣುಗಳು. ನರ್ತಕರು ಹತ್ತಿರ ಸುಳಿದರೆ, ಬೆಳಕಿಗೆ ಅಡ್ಡಬಂದರೆ, ಟೇಪುಗಳಿಂದ, ರೇಡಿಯೋಗಳಿಂದ ಸದ್ದು ಹೊರಡುವ ಏರ್ಪಾಡು. ಹಿಂದೆ ಸ್ಟ್ಯಾನ್ ವ್ಯಾಂಡರ್‌ಬೀಕ್‌ನ ಚಿತ್ರ, ನಾಮ್ ಜೂನ್ ಪೈಕ್‌ನ ತಿರುಚಿದ ಟಿವಿ ಬಿಂಬ. ಕೊನೆಗೆ ಕನಿಂಗ್‌ಹ್ಯಾಮ್ ಸೈಕಲ್ಲು ಹತ್ತಿ ಆಂಟೆನಾಗಳ ನಡುವೆ ಸುತ್ತುಹೊಡೆದ. ತಾಳಕ್ಕೆ ಸರಿಯಾಗಿ ಕುಣಿಯುವುದು ನಮಗೆ ಗೊತ್ತು. ಇಲ್ಲಿ ಕುಣಿದ ಹಾಗೆ ಸದ್ದು.

1966ರ ಅಕ್ಟೋಬರಿನಲ್ಲಿ, ಹಳೆಯ ಸೇನಾ ಕಟ್ಟಡವೊಂದರಲ್ಲಿ, ಬೆಲ್ ಪ್ರಯೋಗಾಲಯದ ಎಂಜಿನಿಯರುಗಳೂ ಹತ್ತು ಜನ ಕಲಾವಿದರೂ ಸೇರಿ ಒಂಬತ್ತು ಸಂಜೆ ಆಟ ನಡೆಸಿದರು. ಚಿತ್ರಕಾರ ರೌಶನ್‌ಬರ್ಗ್ ಅಲ್ಲಿ ಟೆನಿಸ್ ಆಡಿಸಿದ. ಬ್ಯಾಟಿನಲ್ಲಿ ಮೈಕು, ಚೆಂಡು ಬಡಿದಾಗಲೆಲ್ಲ ಗಂಟೆ ಹೊಡೆದಂತೆ ಸದ್ದು, ಜೊತೆಗೆ ಒಂದು ದೀಪ ಆರುತ್ತದೆ. ಆಡುತ್ತ ಆಡುತ್ತ ಪೂರ್ತಿ ಕತ್ತಲು. ಆ ಕತ್ತಲಿಗೆ ನೂರಾರು ಜನ ನಡೆದುಬಂದರು. ಕಣ್ಣಿಗೆ ಯಾರೂ ಕಾಣರು. ಇನ್‌ಫ್ರಾರೆಡ್ ಕ್ಯಾಮೆರಾ ಮಾತ್ರ ಅವರನ್ನು ನೋಡಿ ಪರದೆಯ ಮೇಲೆ ಹಾಕುತ್ತಿತ್ತು. ಎದುರಿಗೇ ನಿಂತ ಮನುಷ್ಯ ಪರದೆಯಲ್ಲಿ ಕಂಡರಷ್ಟೇ ಇದ್ದಾನೆ. ಈಗ ಮದುವೆ ಛತ್ರದಲ್ಲಿ ಮಂಟಪದ ಸುತ್ತ ಫೋಟೋದವರ ಕೋಟೆ ಕಟ್ಟಿ, ಮಾಂಗಲ್ಯಧಾರಣೆಯನ್ನು ನಾವು ಊಟದ ಹಾಲಿನ ಟಿವಿಯಲ್ಲಿ ನೋಡುತ್ತೇವಲ್ಲ, ರೌಶನ್‌ಬರ್ಗ್ ಅದನ್ನು ಆಗಲೇ ಕಂಡಿದ್ದ.

ಆ ಒಂಬತ್ತು ಸಂಜೆಗಳಲ್ಲಿ ಪಾಲುಗೊಂಡವರಲ್ಲಿ ಲುಸಿಂಡಾ ಚೈಲ್ಡ್ಸ್ ಒಬ್ಬಳು. 1979ರಲ್ಲಿ ಅವಳು 'ಡಾನ್ಸ್' ಎಂಬ ಕೃತಿ ಮಾಡಿದಳು. ಫಿಲಿಪ್ ಗ್ಲಾಸ್‌ನ ಸಂಗೀತ, ಸೋಲ್ ಲೆವಿಟ್‌ನ ಚಿತ್ರ. ಬಿಳಿ ಉಡುಪಿನ ನರ್ತಕರು ಓಡುತ್ತ, ನೆಗೆಯುತ್ತ, ತಿರುಗುತ್ತ ವೇದಿಕೆಯನ್ನು ದಾಟುತ್ತಲೇ ಇರುತ್ತಾರೆ. ಮುಂದೆ ಇಡೀ ವೇದಿಕೆಗೆ ಇಳಿಬಿಟ್ಟ ತೆಳುಪರದೆ. ಅದರ ಮೇಲೆ ಅದೇ ನರ್ತಕರ ಅದೇ ನೃತ್ಯದ ಕಪ್ಪುಬಿಳುಪು ಚಿತ್ರ, ಲೆಕ್ಕಕ್ಕೆ ಲೆಕ್ಕ ಕೂಡುವಂತೆ. ಕೆಲವೊಮ್ಮೆ ಅವರ ತಲೆಯ ಮೇಲೆ, ಕೆಲವೊಮ್ಮೆ ದೈತ್ಯಾಕಾರವಾಗಿ. ಚಿತ್ರ ತಟ್ಟನೆ ನಿಂತರೂ ಮೈಗಳು ಓಡುತ್ತಲೇ ಇರುತ್ತವೆ. ಆಗ ಗೊತ್ತಾಗುತ್ತದೆ, ಉಸಿರು ಯಾರದೆಂದು.

ಅಸಲಿ ಆಟ ಇರುವುದು 2009ರಲ್ಲಿ. ಮೂವತ್ತು ವರ್ಷದ ಮೇಲೆ ಆ ಕೃತಿಯನ್ನು ಮತ್ತೆ ರಂಗಕ್ಕೆ ತಂದಾಗ ನರ್ತಕರು ಹೊಸಬರು. ಹಲವರು 1979ರಲ್ಲಿ ಹುಟ್ಟೇ ಇರಲಿಲ್ಲ. ಚಿತ್ರ ಮಾತ್ರ ಹಳೆಯದೇ. ಪರದೆಯ ಮೇಲೆ ಹರೆಯದ ಲುಸಿಂಡಾ ತನ್ನ ಒಂಟಿ ನೃತ್ಯ ಮಾಡುತ್ತಾಳೆ, ಅವಳ ಕೆಳಗೆ ಇನ್ನೊಬ್ಬ ಹುಡುಗಿ ಅದನ್ನೇ ಮಾಡುತ್ತಾಳೆ. ಕಲಿಸಿದ ಲುಸಿಂಡಾಗೆ ಆಗ ಅರವತ್ತರ ಕೊನೆ. ಚಿತ್ರದವಳಿಗೆ ವಯಸ್ಸಾಗಿಲ್ಲ, ಆದರೆ ಅವಳು ಈ ಹುಡುಗಿಗೆ ಒಂದು ಹೆಜ್ಜೆಯನ್ನೂ ಹೇಳಿಕೊಡಲಾರಳು. ಹೇಳಿಕೊಡಲು ವಯಸ್ಸಾದವಳೇ ಬರಬೇಕು.

ಯೂಟ್ಯೂಬ್ ನೋಡಿ ನೃತ್ಯ ಕಲಿತು ಬಂದ ಮಕ್ಕಳ ಬಗ್ಗೆ ನಾಟ್ಯದ ಟೀಚರುಗಳನ್ನು ಕೇಳಿ ನೋಡಿ. ಎದುರು ನಿಂತು ಪಾಠ ಹೇಳುವ ಟೀಚರು ತಾವೇ ಎಡಬಲ ಬದಲಿಸಿ ಮಾಡುತ್ತಾರೆ, ಮಕ್ಕಳು ನೋಡಿದ ಹಾಗೆ ಮಾಡಿದರೆ ಸರಿಹೋಗಲಿ ಅಂತ. ವಿಡಿಯೋದವಳಿಗೆ ಎದುರಿಗೆ ಯಾರಿದ್ದಾರೆಂಬ ಗೊಡವೆಯಿಲ್ಲ. ಮಗು ಬಲವನ್ನೆಲ್ಲ ಎಡವಾಗಿ ಕಲಿತು ಬರುತ್ತದೆ. ಮೊಣಕೈ ಇಳಿದರೆ ಎತ್ತುವವರಿಲ್ಲ, ತಟ್ಟುಮಣೆಯ ಮೇಲೆ ಕೋಲು ನಿಲ್ಲಿಸಿ 'ಮತ್ತೆ' ಅನ್ನುವವರಿಲ್ಲ. ಚಿತ್ರಕ್ಕೆ ಎಲ್ಲ ನೆನಪಿದೆ, ಶಿಷ್ಯರು ಮಾತ್ರ ಕಾಣುವುದಿಲ್ಲ. ಆ ನೆನಪನ್ನಾದರೂ ನಂಬುವಂತಿಲ್ಲ. ಕಲ್ಕತ್ತೆಯ ರಂಗಭೂಮಿಯ ಕುಣಿತಗಳನ್ನು ಮೊದಲು ಚಿತ್ರಕ್ಕೆ ಹಿಡಿದ ಹೀರಾಲಾಲ್ ಸೇನ್‌ರ ರೀಲುಗಳೆಲ್ಲ 1917ರ ಬೆಂಕಿಯಲ್ಲಿ ಬೂದಿಯಾದವು. 'ಕಲ್ಪನಾ'ವನ್ನೂ ದುರಸ್ತಿ ಮಾಡಿ 2012ರಲ್ಲಿ ಕಾನ್ ಉತ್ಸವದಲ್ಲಿ ತೋರಿಸಬೇಕಾಯಿತು. ಮೈ ಮರೆಯುತ್ತದೆ, ಆದರೆ ಮರೆಯುವ ಮೊದಲು ಇನ್ನೊಂದು ಮೈಗೆ ದಾಟಿಸುತ್ತದೆ.

ಕನಿಂಗ್‌ಹ್ಯಾಮ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಸಂಧಿವಾತದಿಂದ ಕೈಕಾಲು ಹಿಡಿದುಕೊಂಡ ಮೇಲೆ ಅವನು ಕಂಪ್ಯೂಟರಿನಲ್ಲಿ ಗೊಂಬೆಗಳನ್ನು ಆಡಿಸಿ ನೃತ್ಯ ಹೆಣೆಯತೊಡಗಿದ. ಎಂಬತ್ತು ತುಂಬಿದ ಕಾಲಕ್ಕೆ, 1999ರಲ್ಲಿ, 'ಬೈಪೆಡ್' ಬಂತು. ನರ್ತಕರ ಕೀಲುಕೀಲಿಗೂ ಹೊಳೆಯುವ ಗುರುತು ಅಂಟಿಸಿ ಚಲನೆಯನ್ನಷ್ಟೇ ಕಂಪ್ಯೂಟರಿಗೆ ಎತ್ತಿಕೊಂಡರು. ವೇದಿಕೆಯ ಮುಂದಿನ ತೆಳುಪರದೆಯ ಮೇಲೆ ಗೆರೆಗಳ ಮನುಷ್ಯರು ತೇಲಿದರು. ಮಾಂಸವಿಲ್ಲ, ಮುಖವಿಲ್ಲ, ಬರೀ ಚಲನೆ. ಬೆಂಗಳೂರಿನ ಅಟ್ಟಕ್ಕಲರಿ ಕೇಂದ್ರದಲ್ಲಿ ಜಯಚಂದ್ರನ್ ಪಾಲಾಳಿ ಅವರ ತಂಡವೂ ಮೈ ಮತ್ತು ಡಿಜಿಟಲ್ ಬಿಂಬದ ಈ ಹಗ್ಗಜಗ್ಗಾಟವನ್ನು ವರ್ಷಗಳಿಂದ ಆಡುತ್ತ ಬಂದಿದೆ. ಇಂಥವರ ಕೆಲಸದಲ್ಲಿ ಬಿಂಬಕ್ಕೆ ಒಂದು ಉದ್ಯೋಗವಿರುತ್ತದೆ. ಅದು ಎದುರಾಡುತ್ತದೆ, ಅಡ್ಡ ಬರುತ್ತದೆ, ಕೈಕೊಡುತ್ತದೆ. ಸುಮ್ಮನೆ ಹಿಂದೆ ನಿಂತು ಹೊಳೆಯುವುದಿಲ್ಲ.

ಇದನ್ನೆಲ್ಲ 'ಪ್ರಯೋಗ' ಎಂದು ದೂರವಿಡುವವರಿಗೆ ಒಂದು ಮಾತು. ಗಾಂಧಿನಗರದ ಚಿತ್ರಮಂದಿರದಲ್ಲಿ ದೊಡ್ಡ ನಟನ ಚಿತ್ರದ ಮೊದಲ ದಿನ, ಮೊದಲ ಆಟಕ್ಕೆ ಎಂದಾದರೂ ಹೋಗಿದ್ದೀರಾ? ಹೊರಗೆ ಕಟೌಟಿಗೆ ಹಾಲು, ತಮಟೆ, ಪಟಾಕಿ. ಒಳಗೆ ಹಾಡು ಬಂದದ್ದೇ ತಡ, ಮುಂದಿನ ಸಾಲಿನ ಹುಡುಗರು ಎದ್ದು ಪರದೆಯ ಮುಂದಿನ ಕಟ್ಟೆ ಹತ್ತಿ ಕುಣಿಯುತ್ತಾರೆ. ಹೆಜ್ಜೆ ಪರದೆಯವನದ್ದೇ, ಟ್ರೇಲರ್ ನೋಡಿ ಕಲಿತದ್ದು. ಅವರ ನೆರಳು ನಾಯಕನ ಮೊಣಕಾಲಿಗೆ ಬರುತ್ತದೆ. ಹರಿದ ಕಾಗದ ಹಾರುತ್ತದೆ, ಚಿಲ್ಲರೆ ಬೀಳುತ್ತದೆ, ಪರದೆ ಹರಿದೀತೆಂದು ಮ್ಯಾನೇಜರು ಓಡಿಬರುತ್ತಾನೆ. ಮೊದಲೇ ತೆಗೆದಿಟ್ಟ ಚಿತ್ರ, ಮುಂದೆ ಹೊಸ ಮೈಗಳು, ಒಂದೇ ಹೆಜ್ಜೆ. ಲುಸಿಂಡಾ ಇದಕ್ಕೆ ಮೂವತ್ತು ವರ್ಷ ಕಾದಳು, ನಮ್ಮ ಹುಡುಗರಿಗೆ ಬೆಳಗಿನ ಆಟಕ್ಕೇ ಆಯಿತು. ಮ್ಯಾಟಿನಿಗೆ ಪರದೆಯ ಮೇಲೆ ಅದೇ ಹಾಡು ಅದೇ ನಿಮಿಷಕ್ಕೆ ಬರುತ್ತದೆ. ಕಟ್ಟೆಯ ಮೇಲೆ ಹತ್ತುವವರು ಬೇರೆ, ಅವರ ಎಡವಟ್ಟು ಬೇರೆ. ಬೆಳಗಿನವರು ಅಷ್ಟು ಹೊತ್ತಿಗೆ ಎದುರಿನ ಹೋಟೆಲಿನಲ್ಲಿ ಅಂಗಿಯ ಗುಂಡಿ ಬಿಚ್ಚಿ, ಫ್ಯಾನಿನ ಕೆಳಗೆ ಕೂತು, ಎರಡನೇ ಸಲ ಸಾಂಬಾರ್ ಹಾಕಿಸಿಕೊಳ್ಳುತ್ತಿರುತ್ತಾರೆ. ಟಿಕೆಟ್ಟಿನ ದುಡ್ಡು ನಾಯಕನಿಗೆ ಹೋಗಲಿ, ನನ್ನ ತಕರಾರಿಲ್ಲ. ಆದರೆ ಆ ಇಡ್ಲಿಯ ಬಿಲ್ಲನ್ನು ಮಾತ್ರ ನಿರ್ಮಾಪಕರೇ ಕೊಡಬೇಕು.